ಬ್ಯಾಟಿನೆದುರು ನಿಂತವನು

ಆ ವರ್ಷದ ಪ್ರಾಂತ್ಯ ತಂಡಗಳ ಕ್ರಿಕೆಟ್ ಪಂದ್ಯಾವಳಿ ಅರ್ಧ ಮುಗಿಯುವಷ್ಟರಲ್ಲಿ ಅವಳ ಗಂಡನ ಮೈಯಲ್ಲಿ ಏಟು ಬೀಳದ ಜಾಗವೇ ಉಳಿದಿರಲಿಲ್ಲ. ಮೊಣಕಾಲ ಕೆಳಗೆ ಹಸಿರು, ತೊಡೆಯ ಮೇಲೆ ನೇರಳೆ. ಪಕ್ಕೆಯಲ್ಲಂತೂ ಚೆಂಡಿನ ಹೊಲಿಗೆ ಅಚ್ಚೊತ್ತಿದ ಹಾಗೆ ಮೂಡಿತ್ತು. ಪಂದ್ಯ ಮುಗಿಸಿ ಬಂದಾಗಲೆಲ್ಲ ಅವಳು ಫ್ರಿಜ್ಜಿನಿಂದ ಹೆಪ್ಪುಗಟ್ಟಿದ ಬಟಾಣಿಯ ಚೀಲ ತೆಗೆದು ಊದಿದ ಕಡೆ ಒತ್ತುತ್ತಿದ್ದಳು.

"ನಿಧಾನ ಕಣೇ, ಪ್ರಾಣ ಹೋಗ್ತಿದೆ."

"ಚೆಂಡು ಬಿದ್ದಾಗ ಹೋಗದ ಪ್ರಾಣ ಬಟಾಣಿಗೆ ಹೋಗುತ್ತಾ? ಸುಮ್ನೆ ಮಲಗಿ."

ಶಾರ್ಟ್ ಲೆಗ್ಗಿನಲ್ಲಿ ನಿಲ್ಲುವವನ ಪಾಡೇ ಅದು. ಬ್ಯಾಟ್ಸ್‌ಮನ್ನಿನಿಂದ ಎರಡು ಮಾರು ದೂರದಲ್ಲಿ ಮಂಡಿ ಮಡಿಸಿ, ಬ್ಯಾಟಿಗೋ ಪ್ಯಾಡಿಗೋ ತಗುಲಿ ಚಿಮ್ಮುವ ಚೆಂಡಿಗಾಗಿ ಅಂಗೈ ಚಾಚಿ ಕಾಯಬೇಕು. ಸ್ಪಿನ್ ಹಾಕುವವನು ಚೆಂಡನ್ನು ಸರಿಯಾದ ಜಾಗಕ್ಕೆ ಹಾಕಿದರೆ ಬ್ಯಾಟ್ಸ್‌ಮನ್ ಮೆಲ್ಲಗೆ ತಡೆಯುತ್ತಾನೆ. ಗಿಡ್ಡವಾಗಿ, ಪಿಚ್ಚಿನ ನಡುವೆಯೇ ಬಿದ್ದರೆ ಮೈಯ ಬಲವೆಲ್ಲ ಹಾಕಿ ಬೀಸುತ್ತಾನೆ. ಆಗ ಚೆಂಡಿಗೆ ಮೊದಲು ಸಿಗುವುದು ಇವನ ಮುಖ. ತಂಡದವರು ಇವನನ್ನು ಗೂಟ ಎಂದು ಕರೆಯುತ್ತಿದ್ದರು, ನೆಟ್ಟ ಜಾಗದಿಂದ ಅಲ್ಲಾಡುವುದಿಲ್ಲ ಎಂದು. ಇವನ ಬ್ಯಾಟಿಂಗು ಅಷ್ಟಕ್ಕಷ್ಟೇ. ಅಲ್ಲಿ ನಿಲ್ಲಲು ಬೇರೆ ಯಾರಿಗೂ ಧೈರ್ಯ ಬಾರದ್ದರಿಂದ ವರ್ಷ ವರ್ಷವೂ ಆಯ್ಕೆಯಾಗುತ್ತಿದ್ದ.

ಚೆಂಡು ಹಾಕುವವನು ಅವಳ ಸ್ವಂತ ತಮ್ಮ. ತಾಯಿ ಇಲ್ಲದ ಮನೆಯಲ್ಲಿ ಅವಳೇ ಸೊಂಟದ ಮೇಲೆ ಹೊತ್ತು ಬೆಳೆಸಿದವನು. ಪಂದ್ಯಗಳು ನಡೆಯುವಷ್ಟು ತಿಂಗಳೂ ಅಕ್ಕನ ಮನೆಯಲ್ಲೇ ಅವನ ಬಿಡಾರ. ಚೆಂಡು ತಿರುಗಿಸುವ ರೀತಿ ನೋಡಿ ಅವನಿಗೆ ಬುಗುರಿ ಎಂಬ ಹೆಸರು ಬಿದ್ದಿತ್ತು. ಈ ಸಲ ಅವನು ಕಿತ್ತ ವಿಕೆಟ್ಟುಗಳಲ್ಲಿ ಅರ್ಧಕ್ಕರ್ಧ ಭಾವನ ಕೈಗೇ ಬಿದ್ದಿದ್ದವು. ಕೊನೆಯವರೆಗೂ ಹೀಗೇ ಆಡಿದರೆ ದೇಶದ ತಂಡಕ್ಕೆ ಕರೆ ಬರುತ್ತದೆ ಎಂದು ಎಲ್ಲರೂ ಹೇಳುತ್ತಿದ್ದರು.

ಇಬ್ಬರ ಬಿಳಿ ಬಟ್ಟೆಗಳನ್ನೂ ಒಗೆಯುವವಳು ಅವಳೇ. ಮನೆಯ ಮುಂಗೋಣೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು ಶಾಲೆಯ ಮಕ್ಕಳ ಸಮವಸ್ತ್ರ ಹೊಲಿಯುತ್ತಿದ್ದಳು. ಬಟ್ಟೆಯ ಮೇಲಿನ ಕಲೆ ನೋಡಿದರೆ ಯಾವುದರದು ಎಂದು ಅವಳಿಗೆ ಗೊತ್ತಾಗಿಬಿಡುತ್ತಿತ್ತು. ಪ್ಯಾಂಟಿನ ತೊಡೆಯ ಮೇಲೆ ಚೆಂಡು ಉಜ್ಜಿದ ಕೆಂಪಾದರೆ ಸೋಪು ಹಾಕಿ ತಿಕ್ಕಿದಾಗ ಹೋಗುತ್ತದೆ. ತಮ್ಮನ ಬಲಗಡೆ ಜೇಬಿನ ಅಂಚಿನಲ್ಲಿದ್ದ ಕಲೆ ಸೋಪಿಗೆ ಕಂದು ಬಣ್ಣಕ್ಕೆ ತಿರುಗಿತು. ತಣ್ಣೀರಿನಲ್ಲಿ ನೆನೆಸಿಟ್ಟಾಗ ನೀರು ಕೆಂಪಾಯಿತು.

"ಏನೋ ಇದು?"

"ಚೆಂಡಿನ ಬಣ್ಣ ಅಕ್ಕಾ."

"ನನ್ಗೇ ಕತೆ ಹೇಳ್ತೀಯಾ? ಕೈ ತೋರ್ಸು."

ಅವನು ಕೈಯನ್ನು ಹಿಂದಕ್ಕೆ ಎಳೆದುಕೊಂಡು ನಗುತ್ತಾ ಹೊರಗೆ ಹೋದ. ಮರುದಿನ ಬೆಳಿಗ್ಗೆ ಬಚ್ಚಲ ಬಾಗಿಲು ಓರೆಯಾಗಿತ್ತು. ಅವನು ತೋರುಬೆರಳ ಬದಿಯಲ್ಲಿ ಸೀಳಿ ಬಾಯಿಬಿಟ್ಟ ಚರ್ಮವನ್ನು ಹಲ್ಲು ಕಚ್ಚಿ ಜೋಡಿಸಿ, ಚಪ್ಪಲಿಗೆ ಹಾಕುವ ಗೋಂದು ಬಿಟ್ಟು ಅಂಟಿಸುತ್ತಿದ್ದ. ಬೌಲ್ ಮಾಡುವ ಬೆರಳಿಗೆ ಪಟ್ಟಿ ಸುತ್ತಿದರೆ ಅಂಪೈರು ತೆಗೆಸುತ್ತಾರೆ. ಗೋಂದು ಯಾರ ಕಣ್ಣಿಗೂ ಬೀಳುವುದಿಲ್ಲ.

ಅವಳು ನೇರ ಗಂಡನ ಹತ್ತಿರ ಹೋದಳು. "ಅವನ ಬೆರಳು ಹರಿದುಹೋಗಿದೆ. ಚೆಂಡು ಜಾರಿದ್ರೆ ಗಿಡ್ಡ ಬೀಳುತ್ತೆ. ಗಿಡ್ಡ ಬಿದ್ರೆ ಏನಾಗುತ್ತೆ ಅಂತ ನಾನು ಹೇಳ್ಬೇಕಾ?"

"ಗೊತ್ತು."

"ಗೊತ್ತಾ?"

"ನಾನು ನಿಂತಿರೋ ಜಾಗದಿಂದ ಎಲ್ಲಾ ಕಾಣುತ್ತೆ. ಚೆಂಡಿನ ಮೇಲೆ ರಕ್ತ ಕಾಣುತ್ತೆ." ಅವನು ಬೂಟಿನ ದಾರ ಬಿಗಿಯುತ್ತಿದ್ದ. "ಅವನು ಕೂತ್ರೆ ನಾಯಕ ಇನ್ನೊಬ್ಬ ಫಾಸ್ಟ್ ಬೌಲರನ್ನ ತರ್ತಾನೆ. ಸ್ಪಿನ್ ಇಲ್ಲ ಅಂದ್ಮೇಲೆ ಶಾರ್ಟ್ ಲೆಗ್ ಯಾಕೆ, ನಾನ್ಯಾಕೆ? ಬೆರಳು ಕೈಕೊಟ್ರೆ ಮೊದ್ಲೇ ಹೇಳ್ತೀನಿ ಅಂದಿದಾನೆ. ಆಗ ಹಿಂದೆ ಸರೀತೀನಿ."

ಕ್ವಾರ್ಟರ್‌ಫೈನಲ್ಲಿನ ಕೊನೆಯ ದಿನ ಅವಳು ಮೈದಾನಕ್ಕೆ ಹೋದಳು. ಎದುರು ತಂಡದ ಕೊನೆಯ ಜೋಡಿ ಕ್ರೀಸಿನಲ್ಲಿತ್ತು. ಇನ್ನೊಂದಿಷ್ಟು ರನ್ ಹೊಡೆದರೆ ಗೆಲುವು ಅವರದೇ. ಗೂಳಿಯಂಥ ಬ್ಯಾಟ್ಸ್‌ಮನ್. ಬ್ಯಾಟನ್ನು ನೆಲಕ್ಕೆ ಕುಟ್ಟುತ್ತಾ ಗಂಡನಿಗೆ ಅವನು ಗಟ್ಟಿಯಾಗಿ ಹೇಳಿದ್ದು ಮೈದಾನದಂಚಿನ ಕಟಕಟೆಯ ಹತ್ತಿರ ಕೂತಿದ್ದ ಅವಳಿಗೂ ಕೇಳಿಸಿತು.

"ಏನ್ ಗುರು, ಹಲ್ಲು ಮನೇಲಿಟ್ಟು ಬಂದಿದೀಯಾ?"

"ನೀನು ಔಟಾದ್ಮೇಲೆ ನಗೋಕೆ ಬೇಕಲ್ಲ, ತಂದಿದೀನಿ."

ತಮ್ಮ ಓಡಿ ಬಂದ. ಚೆಂಡು ಕೈಬಿಡುವಾಗಲೇ ಅವನ ಮುಖ ಕಿವುಚಿತು. ಚೆಂಡು ಪಿಚ್ಚಿನ ನಡುವೆ ಬಿದ್ದು ಸೊಂಟದ ಎತ್ತರಕ್ಕೆ ಎದ್ದಿತು. ಗೂಳಿ ಒಂದು ಕಾಲೆತ್ತಿ ಬೀಸಿದ. ಮರ ಸೀಳಿದಂಥ ಸದ್ದು. ಹಿಂದೆಯೇ ಇನ್ನೊಂದು ಸದ್ದು, ಹೆಲ್ಮೆಟ್ಟಿನ ಜಾಲರಿ ಒಳಕ್ಕೆ ಮಡಚಿಕೊಂಡದ್ದು. ಗಂಡ ಹಿಂದಕ್ಕೆ ಬೀಳಲಿಲ್ಲ. ನಿಂತಲ್ಲೇ ಕುಸಿದು ಎಡಗೆನ್ನೆಯ ಮೇಲೆ ಮಗುಚಿಕೊಂಡ.

ಹೆಲ್ಮೆಟ್ಟಿಗೆ ಬಡಿದ ಚೆಂಡು ಮೇಲಕ್ಕೆ ಚಿಮ್ಮಿತ್ತು. ನೆಲಕ್ಕೆ ಬೀಳುವ ಮೊದಲು ಅದನ್ನು ಯಾರು ಹಿಡಿದರೂ ಔಟೇ. ತಮ್ಮ ಭಾವನನ್ನು ದಾಟಿ ಓಡಿದ. ಅವನ ಬೂಟು ಭಾವನ ಬೆರಳುಗಳನ್ನು ತುಳಿದುಕೊಂಡು ಹೋಯಿತು. ಎರಡೂ ಕೈ ಚಾಚಿ ಚೆಂಡು ಹಿಡಿದು, ಆಕಾಶಕ್ಕೆ ಎಸೆದು, ಬಾಯಿ ತೆರೆದು ಕಿರುಚಿದ. ಗೆದ್ದಿದ್ದರು. ತಂಡವೆಲ್ಲ ಬಂದು ಅವನ ಮೇಲೆ ಬಿತ್ತು. ಗಂಡನ ಹತ್ತಿರ ಮಂಡಿಯೂರಿ ಕೂತವನು ಆ ಗೂಳಿಯೊಬ್ಬನೇ. "ಡಾಕ್ಟ್ರೂ!" ಎಂದು ಅವನೇ ಕೂಗುತ್ತಿದ್ದ. ಅವಳು ಕಟಕಟೆ ಹತ್ತಿ ಆಚೆ ಧುಮುಕಿದಳು. ಜಾಲರಿಯ ಸಂದಿಯಿಂದ ರಕ್ತ ದಾರದ ಹಾಗೆ ಇಳಿದು ಹುಲ್ಲಿಗೆ ಸೇರುತ್ತಿತ್ತು.

ಎಡಗೆನ್ನೆಯ ಮೂಳೆ ಬಿರುಕು ಬಿಟ್ಟಿತ್ತು. ಕಣ್ಣು ಉಳಿದಿದೆ, ಆದರೆ ಅದೇ ಜಾಗಕ್ಕೆ ಇನ್ನೊಂದು ಏಟು ಬಿದ್ದರೆ ತಾನು ಏನೂ ಹೇಳಲಾರೆ ಎಂದರು ಡಾಕ್ಟರು. ಗಂಡ ಮನೆಗೆ ಬಂದವನೇ ಹೊಸ ಹೆಲ್ಮೆಟ್ಟು ತರಿಸಿದ. ಸೆಮಿಫೈನಲ್ಲಿಗೆ ಇನ್ನು ಕೆಲವೇ ದಿನಗಳಿದ್ದವು.

"ನಿಲ್ತೀನಿ. ನೀನು ಅಳ್ಬೇಡ."

"ಅಳ್ತಾ ಇಲ್ಲ. ನಿಲ್ಬೇಡಿ ಅಂತ ಹೇಳ್ತಾ ಇದೀನಿ."

"ಈ ಸಲ ಬಿಟ್ಟುಕೊಟ್ರೆ ಮುಂದಿನ ವರ್ಷ ಯಾರೂ ಕರೆಯಲ್ಲ ಕಣೇ. ಬೇರೆ ಏನು ಬರುತ್ತೆ ನನ್ಗೆ?"

ಸಂಜೆ ತಮ್ಮ ಬಂದ. ಭಾವನ ಮುಖ ನೋಡಲಾಗದೆ ಹೊಲಿಗೆ ಯಂತ್ರದ ಪಕ್ಕದ ಸ್ಟೂಲಿನಲ್ಲಿ ಕೂತು, ಕತ್ತರಿಸಿಟ್ಟ ಬಟ್ಟೆಯ ಚೂರುಗಳನ್ನು ಬೆರಳಲ್ಲಿ ಸುತ್ತುತ್ತಿದ್ದ.

"ಅಕ್ಕಾ, ನೀನೊಂದು ಮಾತು ಹೇಳು ಭಾವಂಗೆ. ನಾನು ಕೇಳಿದ್ರೆ ಚೆನ್ನಾಗಿರಲ್ಲ."

"ಏನು ಹೇಳ್ಲಿ?"

"ಅವ್ರು ನಿಂತ್ರೇನೇ ನನ್ಗೆ ವಿಕೆಟ್ಟು. ಇದೊಂದೇ ಪಂದ್ಯ. ಆಯ್ಕೆಗಾರ್ರು ಬರ್ತಿದಾರೆ."

"ಬೆರಳು?"

"ವಾಸಿಯಾಗಿದೆ, ದೇವ್ರಾಣೆ."

"ಎಲ್ಲಿ, ಕೊಡು ನೋಡೋಣ."

ಅವಳ ದನಿ ಎಷ್ಟು ಮೆತ್ತಗಿತ್ತೆಂದರೆ ಅವನು ಎಳೆಯ ಮಗುವಿನ ಹಾಗೆ ಕೈ ಚಾಚಿದ. ಅವಳು ಅದನ್ನು ತೊಡೆಯ ಮೇಲಿಟ್ಟುಕೊಂಡು ಅಂಗೈ ನೇವರಿಸಿದಳು. ಗೋಂದು ಗಟ್ಟಿಯಾಗಿ ಗಾಜಿನ ಹಾಗೆ ಹೊಳೆಯುತ್ತಿತ್ತು. ಅದರಡಿಯಲ್ಲಿ ಕೀವು ಕಟ್ಟಿಕೊಂಡಿತ್ತು.

"ಹೂಂ, ವಾಸಿಯಾಗಿದೆ" ಎಂದಳು. ಹೆಬ್ಬೆರಳಿನ ಉಗುರನ್ನು ಆ ಗೋಂದಿನ ಅಂಚಿಗೆ ತೂರಿಸಿ, ಅವನ ಮಣಿಕಟ್ಟನ್ನು ಮೊಣಕಾಲುಗಳ ನಡುವೆ ಅದುಮಿ, ಹಳೆಯ ಹೊಲಿಗೆ ಬಿಚ್ಚುವ ಹಾಗೆ ಒಂದೇ ಎಳೆತಕ್ಕೆ ಬೆರಳಿನ ಬುಡದವರೆಗೂ ಎಳೆದಳು.

ಅವನ ಕಿರುಚಾಟಕ್ಕೆ ಎದುರು ಮನೆಯ ಕಿಟಕಿ ತೆರೆಯಿತು. ಚರ್ಮ ಗೋಂದಿನ ಜೊತೆಗೇ ಕಿತ್ತು ಬಂದಿತ್ತು. ಅವನು ಎಡಗೈಯಿಂದ ಅವಳ ಭುಜಕ್ಕೆ, ಕುತ್ತಿಗೆಗೆ ಗುದ್ದಿದ. ಅವಳು ಕೈಬಿಡಲಿಲ್ಲ. ಮಡಿಸಿಟ್ಟಿದ್ದ ಸಮವಸ್ತ್ರದ ಬಿಳಿ ಬಟ್ಟೆಯ ಮೇಲೆಲ್ಲ ರಕ್ತ ಸಿಡಿಯಿತು. ಹೆಲ್ಮೆಟ್ಟು ಕೈಯಲ್ಲಿ ಹಿಡಿದೇ ಒಳಗಿನಿಂದ ಓಡಿ ಬಂದ ಗಂಡ ಇಬ್ಬರನ್ನೂ ಬಿಡಿಸಿ ಬೆರಳನ್ನು ನೋಡಿದ.

"ಏನು ಮಾಡ್ದೆ ನೀನು!"

"ಕಾಣ್ತಾ ಇದೆಯಲ್ಲ."

"ನಮ್ಮಿಬ್ಬರ ಹೊಟ್ಟೆ ಮೇಲೂ ಹೊಡ್ದೆಯಲ್ಲೇ, ಪಾಪಿ!"

ಕೈಯಲ್ಲಿದ್ದ ಹೊಸ ಹೆಲ್ಮೆಟ್ಟನ್ನು ಅವಳ ಕಡೆಗೇ ಬೀಸಿ ಎಸೆದ. ಅದು ಅವಳ ಕಿವಿಯ ಪಕ್ಕದಿಂದ ಹಾದು ಕಪಾಟಿನ ಗಾಜನ್ನು ಒಡೆಯಿತು. ಅವಳು ಪೊರಕೆ ತಂದು ಗಾಜು ಗುಡಿಸಿದಳು. ಆಮೇಲೆ ಬಿಸಿನೀರು ಕಾಯಿಸಿ ತಮ್ಮನ ಕೈ ತೊಳೆಯಲು ಹೋದಳು. ಅವನು ಬೇಸಿನ್ನನ್ನು ಒದ್ದ.

ನಾಯಕ ಫೋನಿನಲ್ಲಿ ಹೆಚ್ಚು ಮಾತಾಡಲಿಲ್ಲ. ಬುಗುರಿ ಇಲ್ಲದಿದ್ದರೆ ನಾಲ್ವರು ಫಾಸ್ಟ್ ಬೌಲರ್‌ಗಳು. ಗೂಟನೂ ವಿಶ್ರಾಂತಿ ತೆಗೆದುಕೊಳ್ಳಲಿ ಎಂದ.

ಸೆಮಿಫೈನಲ್ ಶುರುವಾದ ದಿನ ಭಾವ ಮೈದುನ ಇಬ್ಬರೂ ಟಿವಿಯ ಮುಂದೆ ಕೂತಿದ್ದರು. ಅವಳ ಜೊತೆ ಇಬ್ಬರಿಗೂ ಮಾತಿರಲಿಲ್ಲ. ಊಟದ ತಟ್ಟೆ ಇಟ್ಟರೆ ಎತ್ತಿಕೊಳ್ಳುತ್ತಿದ್ದರು, ಅಷ್ಟೇ. ತಮ್ಮನ ಬಲಗೈ ಪಟ್ಟಿಯಲ್ಲಿ ದಪ್ಪ ಗಂಟಾಗಿತ್ತು. ಟಿವಿಯಲ್ಲಿ ಅವರಿಬ್ಬರ ತಂಡದವರ ಚೆಂಡುಗಳು ಒಂದರ ಹಿಂದೊಂದು ಬೌಂಡರಿಗೆ ಹೋಗುತ್ತಿದ್ದವು.

"ಥೂ, ದಂಡಪಿಂಡಗಳು" ಎಂದು ತಮ್ಮ ಬುಟ್ಟಿಯಿಂದ ಒಂದು ಕಿತ್ತಳೆ ತೆಗೆದ. ಬಹಳ ದಿನದ ರೂಢಿಯಂತೆ, ಈಗ ಎಡಗೈಯಲ್ಲಿ, ಕೋಣೆಯ ಆಚೆ ಬದಿಯಲ್ಲಿದ್ದ ಭಾವನ ಕಡೆ ಎಸೆದ. "ಹಿಡೀರಿ ಭಾವಾ."

ಎಂಥ ಚೆಂಡನ್ನೂ ಬಿಡದ ಭಾವನ ಎದೆಗೆ ಕಿತ್ತಳೆ ಬಡಿಯಿತು. ಅವನ ಕೈಗಳು ಮೇಲೆದ್ದದ್ದು ಅದು ನೆಲಕ್ಕೆ ಬಿದ್ದ ಮೇಲೆ.

ತಮ್ಮ ಇನ್ನೊಂದು ತೆಗೆದ. ಈ ಸಲ ನಿಧಾನವಾಗಿ, ಭಾವನ ಎಡಗಡೆಗೇ ಎಸೆದ. ಅದು ನೇರ ಕೆನ್ನೆಯ ಪಟ್ಟಿಗೆ ತಾಗಿತು. ಭಾವ ನರಳಿ ಮುಖ ಹಿಡಿದುಕೊಂಡ.

"ಭಾವಾ, ಆ ಕಣ್ಣು..."

"ಮಂಜುಮಂಜು. ಸರಿಹೋಗುತ್ತೆ."

"ಯಾವತ್ತಿಂದ?"

"ಬಿದ್ದ ದಿನದಿಂದಲೇ."

"ಹೀಗಿಟ್ಕೊಂಡು ನನ್ನ ಬೌಲಿಂಗಿಗೆ ನಿಲ್ತಿದ್ರಾ? ಸಾಯ್ತಿದ್ರಲ್ಲ!"

"ನಿಲ್ತಿದ್ದೆ. ನಿನ್ನ ಬೆರಳಿನ ಹಾಗೆ ಇದೂ ಯಾರಿಗೂ ಗೊತ್ತಾಗ್ತಿರ್ಲಿಲ್ಲ." ಭಾವ ಟಿವಿಯ ಕಡೆ ತಿರುಗಿದ. "ನಿಮ್ಮಕ್ಕಂಗೆ ಮಾತ್ರ ಹೇಳ್ಬೇಡ."

ಅವಳು ಅವನ ಎಡಗಡೆಯಲ್ಲೇ, ತೋಳು ತಾಗುವಷ್ಟು ಹತ್ತಿರ, ಎರಡು ತಟ್ಟೆ ಹಿಡಿದು ನಿಂತಿದ್ದಳು. ತಮ್ಮ ತಲೆಯೆತ್ತಿ ಅವಳನ್ನು ನೋಡಿದ. ಅಷ್ಟು ದಿನದಲ್ಲಿ ಅವನು ಅವಳ ಮುಖ ನೋಡಿದ್ದು ಅದೇ ಮೊದಲು.

"ಇಲ್ಲ ಭಾವಾ, ಹೇಳಲ್ಲ" ಎಂದ.