ಬೆಳ್ಳಿಯ ನಾಲ್ಕಾಣೆ

ಚಾಳಿನ ಇಕ್ಕಟ್ಟು ಮೆಟ್ಟಿಲಲ್ಲಿ ರಾಯಪ್ಪನ ಚಟ್ಟವನ್ನು ಓರೆ ಮಾಡಿ ಇಳಿಸುವಷ್ಟರಲ್ಲಿ ಹೊತ್ತವರ ಬೆವರೂ ಇಳಿಯಿತು. ಅಂಗಳ ಮುಟ್ಟಿದ್ದೇ ತಮ್ಮ ಸಿದ್ದಲಿಂಗಪ್ಪ ಚುರುಮುರಿಯಲ್ಲಿ ಬೆರೆಸಿದ ಚಿಲ್ಲರೆಯನ್ನು ಬೊಗಸೆಯಲ್ಲಿ ಎತ್ತಿ ಹೆಣದ ಮುಂದೆ ತೂರಿದ. ಮೇಲೆ ಗ್ಯಾಲರಿಯಲ್ಲಿ ಅಳುತ್ತಿದ್ದ ರಾಯಪ್ಪನ ಹೆಂಡತಿ ಈರವ್ವ ತಟ್ಟನೆ ಅಳು ನಿಲ್ಲಿಸಿದಳು. ಅಂಗಳದ ಕಲ್ಲಿನ ಮೇಲೆ ಒಂದಷ್ಟು ನಾಣ್ಯ ಟಕಟಕ ಎಂದವು. ನಡುವೆ ಒಂದು ಮಾತ್ರ ಖಣ್ ಎಂದು ಉದ್ದಕ್ಕೆ ದನಿ ಎಳೆಯಿತು.

ಒಳಗೆ ಓಡಿ ಕಪಾಟು ತೆರೆದಳು. ಮನೆಖರ್ಚಿನ ಚಿಲ್ಲರೆ ಡಬ್ಬಿ ಖಾಲಿ. ಅದರ ಹಿಂದಿನ ಬಿಸ್ಕೀಟಿನ ಡಬ್ಬಿಯೂ ಖಾಲಿ. "ಚಿಲ್ಲರ ಎಲ್ಲೈತಿ ವೈನಿ?" ಎಂದು ಮೈದುನ ಕೇಳಿದಾಗ ಕಪಾಟಿನತ್ತ ಕೈ ತೋರಿಸಿದವಳು ತಾನೇ. ಅಣ್ಣ ಹೋಟೆಲಿನ ಗಲ್ಲೆಯ ಮೇಲೆ ಕೂತು ಬಾಳಿದವನು, ಅವನ ದಾರಿಗೆ ಕೈ ಬಿಗಿ ಹಿಡಿಯಬಾರದೆಂದು ಆ ಪುಣ್ಯಾತ್ಮ ಎರಡನ್ನೂ ಸುರಿದುಕೊಂಡಿದ್ದ. ಬಿಸ್ಕೀಟಿನ ಡಬ್ಬಿಯಲ್ಲಿದ್ದದ್ದು ದೀಪಾವಳಿಯಾದ ಮೇಲೆ ಮದುವೆಯಾಗಬೇಕಿದ್ದ ಮಗಳು ಗಂಗಾಳ ಕಾಲುಂಗುರ, ಕಾಲ್ಚೈನಿಗೆಂದು ಕೂಡಿಟ್ಟ ಬೆಳ್ಳಿ.

*

ಸ್ವಾತಂತ್ರ್ಯ ಬಂದು ಮೂವತ್ತು ವರ್ಷವಾದರೂ ಡೊಂಬಿವಲಿ ಸ್ಟೇಷನ್ ಎದುರಿನ ಆ ಹೋಟೆಲಿಗೆ ಗಿರಾಕಿಗಳ ಚಿಲ್ಲರೆಯಲ್ಲಿ ರಾಜನ ತಲೆಯ ಹಳೇ ನಾಲ್ಕಾಣೆ ಆಗೀಗ ಬರುತ್ತಿತ್ತು. ರಾಯಪ್ಪ ಮಾಲೀಕ ಪ್ರೇಮನಾಥನಿಗೆ ಹೇಳಿಯೇ ತನ್ನ ಕಿಸೆಯ ನಾಲ್ಕಾಣೆ ಗಲ್ಲೆಗೆ ಹಾಕಿ, ಅದನ್ನು ಮನೆಗೆ ತರುತ್ತಿದ್ದ.

"ಹಿಂದ ಹುಲಿ ಇದ್ರ ನಿಕಲ್ಲು, ಅದರ ಬೆಲಿ ನಾಲ್ಕಾಣೆನ. ಹುಲಿ ಇಲ್ಲದ್ದು ಬೆಳ್ಳಿ, ಪತ್ತಾರ ಒಂದೂವರಿ ರೂಪಾಯಿ ಕೊಡ್ತಾನ. ನೋಡಿ ಯಾರರ ಹೇಳ್ತಾರ. ನೀ ಬೆನ್ನ ತಿರುವು, ಕಿವೀಲೆ ಹೇಳು ನೋಡೂಣು."

ಒಲೆಯ ಕಡೆ ಮುಖ ಮಾಡಿ ಕೂತ ಈರವ್ವನ ಹಿಂದೆ ಕಡಪಾ ಕಲ್ಲಿಗೆ ನಾಣ್ಯ ಬೀಳುತ್ತಿತ್ತು.

"ಹುಲಿ."

"ಇದು?"

"ಬೆಳ್ಳಿ. ಸಾಕ ಮಾಡ್ರಿ, ಸಾರು ಉಕ್ಕಾಕತ್ತೈತಿ."

*

ಎತ್ತಿದ ಚಟ್ಟ ಹಿಂದಕ್ಕೆ ಬರುವಂತಿಲ್ಲ, ಹೆಂಗಸರು ಮಸಣದ ದಾರಿ ಹಿಡಿಯುವಂತಿಲ್ಲ. ಈರವ್ವ ಬರಿಗಾಲಲ್ಲಿ ಓಡಿದಳು.

"ಅವ್ವಾ, ಕುಠೇ? ಎಲ್ಲಿಗೆ?" ಎನ್ನುತ್ತ ಗಂಗಾ ಬೆನ್ನು ಹತ್ತಿದಳು.

ದಾರಿಯಲ್ಲಿ ಬಿದ್ದದ್ದನ್ನು ಯಾರ್ಯಾರೋ ಆರಿಸಿಕೊಳ್ಳುತ್ತಿದ್ದರು. ಅದಕ್ಕೆ ಅವಳು ಬಗ್ಗಲಿಲ್ಲ. ಪುಣ್ಯಕ್ಕೆ ರೈಲ್ವೆ ಫಾಟಕ ಹಾಕಿತ್ತು. ಚಟ್ಟ ಹೆಗಲ ಮೇಲೆಯೇ ಕಾಯುತ್ತಿತ್ತು.

"ಸಿದ್ದಲಿಂಗಪ್ಪ, ಅದರಾಗ ಗಂಗಾನ ಬೆಳ್ಳಿ ಐತಿ."

ಅವನು ಚುರುಮುರಿಯ ಬುಟ್ಟಿಯನ್ನೇ ಮುಂದೆ ಹಿಡಿದ. "ನನಗೇನ ಗೊತ್ತ ವೈನಿ, ಎಲ್ಲಾ ಒಂದ ನಮೂನಿ ಕಂಡ್ವು."

ಈರವ್ವ ಬುಟ್ಟಿಗೆ ಕೈ ಹಾಕಿದಳು. ಸಪ್ಪಳ ಮಾಡಿ ನೋಡೋಣವೆಂದರೆ ಕಲ್ಯಾಣದ ಲೋಕಲ್ ಎದುರಿಗೇ ಗಡಗಡಿಸುತ್ತಿತ್ತು. ಚುರುಮುರಿ ಕೆದಕಿ, ಒಂದೊಂದನ್ನೇ ಮಗುಚಿ, ರಾಜನ ತಲೆಯಿದ್ದು ಹುಲಿ ಇಲ್ಲದ್ದನ್ನು ಸೆರಗಿಗೆ ಹಾಕಿಕೊಂಡಳು. ಹಿಂದೆ ಗುಜುಗುಜು ಶುರುವಾಯಿತು. ಗಂಡನ ಹೆಣದ ಮುಂದೆ ಚಿಲ್ಲರೆ ಆರಿಸುವ ಹೆಂಗಸನ್ನು ಯಾರು ಕಂಡಿದ್ದರು? ಭೂಮಿ ಬಾಯ್ಬಿಡಬಾರದೇ ಅನಿಸಿತು ಅವಳಿಗೆ. ಕೈ ಮಾತ್ರ ನಿಲ್ಲಲಿಲ್ಲ.

"ಆರಿಸಲಿ ಬಿಡಿ ಮಾರಾಯ್ರೆ," ಎಂದ ಚಟ್ಟಕ್ಕೆ ಹೆಗಲು ಕೊಟ್ಟಿದ್ದ ಪ್ರೇಮನಾಥ. "ಒಂದೊಂದನ್ನೂ ಅವ ನನ್ನ ಎದುರೇ ಬದಲಿ ಹಾಕಿ ತಕೊಂಡದ್ದು."

ಲೋಕಲ್ ದಾಟಿತು. ಫಾಟಕ ತೆರೆಯಿತು. ಈರವ್ವ ಆರಿಸಿದ್ದರಲ್ಲಿ ಒಂದನ್ನು ಮೈದುನನ ಅಂಗೈಗೆ ಹಾಕಿ, ಉಳಿದದ್ದನ್ನು ಗಂಗಾಳ ಸೆರಗಿಗೆ ಸುರಿದಳು.

"ಹಳಿ ದಾಟುವಾಗ ಇದನ್ನ ತೂರು."

ಚಟ್ಟ ಮುಂದೆ ಹೋಯಿತು. ಅವಳು ಮನೆಯ ಕಡೆ ಮುಖ ಮಾಡಿ, ಬೆನ್ನು ತಿರುಗಿಸಿ ನಿಂತಳು. ಹಿಂದೆ ಹಳಿಯ ಮೇಲೆ ನಾಣ್ಯ ಬಿತ್ತು.

"ಬೆಳ್ಳಿ," ಎಂದಳು.