ದಿಲ್ಲಿ ಸಾಹೇಬರು ಸಾಬಣ್ಣನ ಕಿವಿ ನೋಡಿದ್ದು

ಸಂತೆಯಿಲ್ಲದವನಿಗೆ ನಿದ್ದೆಯಲ್ಲೂ ಚಿಂತೆ. ಗಾದೆ ಹಾಗಲ್ಲ ಎಂದು ತಿದ್ದಲು ಬರುವವರು ಮೊದಲು ದೋರನಹಳ್ಳಿಯ ಸಾಬಣ್ಣನ ಕತೆ ಕೇಳಬೇಕು. ಉಪ್ಪುಖಾರ ಬಿಟ್ಟರೆ ಉಳಿದದ್ದೆಲ್ಲ ಖರೆ.

ಈ ಸೀಮೆ ಮೈಸೂರು ರಾಜ್ಯಕ್ಕೆ ಸೇರಿ ಆರು ತಿಂಗಳಾಗಿತ್ತು. ಸಾಬಣ್ಣ ಕುರಿ ಸಾಕುವ ಮನೆಯಿಂದ ಹೋಗಿ, ನಿಜಾಮರ ಕಡೆಗಾಲದಲ್ಲಿ ಹೈದರಾಬಾದಿನಲ್ಲಿ ಉರ್ದುವಿನಲ್ಲೇ ಇತಿಹಾಸ ಓದಿ ಎಂ.ಎ. ಆದವನು. ಆಮೇಲೆ ಮನೆಯ ಕುರಿಗಳನ್ನೂ ಊರ ಶಾಲೆಯ ಮಕ್ಕಳನ್ನೂ ಎಣಿಸುತ್ತ ಒಂಬತ್ತು ವರ್ಷ ಕಳೆದಿದ್ದ. ಸುರಪುರದಲ್ಲಿ ತೆರೆಯಲಿದ್ದ ಹೊಸ ಕಾಲೇಜಿಗೆ ಇತಿಹಾಸ ಕಲಿಸುವವರು ಬೇಕೆಂಬ ಜಾಹೀರಾತು ಕಂಡು ಅರ್ಜಿ ತುಂಬಿದ. ತುಂಬಿದನೇ ಹೊರತು ಕಳಿಸಲಿಲ್ಲ. ‘ಮಾನ್ಯತೆ ಪಡೆದ ವಿಶ್ವವಿದ್ಯಾಲಯದ ಪದವಿ ಇರಬೇಕು’ ಎಂಬ ಒಂದು ಸಾಲು ಜೋಳದ ತೆನೆಯ ಸುಂಕಿನಂತೆ ಗಂಟಲಲ್ಲಿ ಚುಚ್ಚುತ್ತ ಕೂತಿತ್ತು. ದೇಶದ ವಿಶ್ವವಿದ್ಯಾಲಯಗಳ ಮಟ್ಟ ನೋಡಲು ದಿಲ್ಲಿಯಲ್ಲಿ ಯು.ಜಿ.ಸಿ. ಎಂಬ ಆಯೋಗ ರಚನೆಯಾಗಿದೆಯೆಂದು ಪತ್ರಿಕೆಯಲ್ಲಿ ಓದಿದ್ದ. ಉರ್ದುವಿನಲ್ಲಿ ಬರೆದು ಪಾಸಾದ ತನ್ನ ಪದವಿ ಅವರ ಕಣ್ಣಿಗೆ ಪದವಿಯೋ, ಬರೀ ಕಾಗದವೋ?

“ಯು.ಜಿ.ಸಿ. ಅಂದ್ರ ‘ಯಾಕೋ ಜೀವ ಸಣ್ಣಾಗೈತಿ’ ಅಂತೇನಲೇ?” ಎಂದು ನಕ್ಕಿದ್ದ ಲಿಂಗಣ್ಣ. ಶಹಾಪುರದ ಕಿರಾಣಿ ಅಂಗಡಿಯವರ ಮಗ. ಹೈದರಾಬಾದಿನಲ್ಲಿ ಸಾಬಣ್ಣನ ಜೊತೆ ಎರಡು ವರ್ಷ ಓದಿ, ಅರ್ಧಕ್ಕೇ ಬಿಟ್ಟು ಬಂದವನು. ಪಾಠಕ್ಕಿಂತ ಮಾಸ್ತರರ ದನಿ ಕಲಿತದ್ದೇ ಹೆಚ್ಚು. ತಹಸೀಲ್ದಾರ, ಸ್ಟೇಷನ್ ಮಾಸ್ತರ, ಮುದಿ ಹೋತ, ಎಲ್ಲರ ದನಿಯೂ ಅವನ ಗಂಟಲಲ್ಲಿ ಬಾಡಿಗೆಗಿತ್ತು.

ಅರ್ಜಿ ಟಪಾಲಿಗೆ ಬೀಳಬೇಕಾದ ಕಡೆಯ ದಿನ ಬಂತು. ಶಹಾಪುರದ ಟಪಾಲು ಕಚೇರಿಯಲ್ಲಿ ನಾಲ್ಕಕ್ಕೆ ಚೀಲ ಕಟ್ಟುತ್ತಿದ್ದರು. ಮಧ್ಯಾಹ್ನ ಲಿಂಗಣ್ಣ ಸೈಕಲ್ ಹತ್ತಿ ಬಂದು ನೋಡಿದರೆ, ಸಾಬಣ್ಣ ಕುರಿಹಟ್ಟಿಯ ಬೇವಿನ ನೆರಳಲ್ಲಿ ಅರ್ಜಿಯನ್ನು ಎದೆಯ ಮೇಲಿಟ್ಟುಕೊಂಡು ಕಂಬಳಿಯ ಮೇಲೆ ನಿದ್ದೆ ಹೋಗಿದ್ದ. ಲಿಂಗಣ್ಣ ಎಬ್ಬಿಸಲಿಲ್ಲ. ಮೋಟುಗೋಡೆಯ ಆಚೆ ಕುಕ್ಕುರುಗಾಲಲ್ಲಿ ಕುಳಿತು, ಹೊಸದೊಂದು ದನಿ ತೆಗೆದ.

“ಹಮ್ ದಿಲ್ಲಿ ಸೇ ಆಯಾ ಹೈ! ಸಾಬಣ್ಣ ಎಂ.ಎ. ಯಾರು? ಗುರುತು ತೋರ್ಸು!”

ದನಿ ಕಿವಿಯಿಂದ ಇಳಿದು ಮೆಲ್ಲಗೆ ಕನಸು ಹೊಕ್ಕಿತು. ಅಲ್ಲೊಂದು ದೊಡ್ಡ ಕೆರೆ. ನೀರಿಗೆ ಬಂದ ಹಿಂಡುಗಳೆಲ್ಲ ಕೂಡಿಬಿಟ್ಟಿವೆ: ಹೈದರಾಬಾದಿನವು, ಮುಂಬಯಿಯವು, ಮದರಾಸಿನವು, ಮೈಸೂರಿನವು. ನೀರೊಳಗೆ ತೇಲುತ್ತಿರುವುದು ಕರಿಮೋಡವೋ ಕರಿಕುರಿಯೋ ತಿಳಿಯದು. ನಡುವಿನ ಬಂಡೆಯ ಮೇಲೆ ಕೋಟಿನ ಸಾಹೇಬರು. ಒಂದೊಂದೇ ಕುರಿಯ ಕಿವಿ ಮಡಿಚಿ, ತಮ್ಮದೆಂದು ತಿಳಿಯಲು ಕುರಿಯವರು ಕೊಯ್ದ ಗುರುತು ಓದಿ, ಅತ್ತ ಇತ್ತ ಬಿಡುತ್ತಿದ್ದಾರೆ. ಸಾಲಿನಲ್ಲಿ ಪದವಿಯ ಗೌನು ತೊಟ್ಟ ಸಾಬಣ್ಣನೂ ಇದ್ದಾನೆ. ಅವನ ಕಿವಿಯ ಗುರುತು ಮಾತ್ರ ಬಲದಿಂದ ಎಡಕ್ಕೆ ಹರಿಯುತ್ತಿದೆ. ನಾಚಿಕೆಯಾಗಿ ಅಂಗೈಯಿಂದ ಮುಚ್ಚಿಕೊಂಡು, “ಕಿವಿ ಗುರುತು ಉರ್ದುದಾಗ ಐತ್ರೀ...” ಎಂದು ಕನವರಿಸಿದ.

“ಇದು ನಮಗೆ ಓದಾಕ ಬರಲ್ಲ! ಕಿವಿ ಮತ್ತ ಕೊಯ್ರಿ!” ಎಂದರು ಸಾಹೇಬರು, ಅದೇ ದಿಲ್ಲಿ ದನಿಯಲ್ಲಿ.

ಆಗ ಕನಸಿನೊಳಗೆ ಅವ್ವ ಅಂಬವ್ವನ ದನಿ ಬಂತು. “ಯಾರ್ರೀ ಅದು ಕೊಯ್ಯಾವ್ರು? ಸಾಹೇಬ್ರ, ಹಿಂಡು ಕೂಡಿದ್ರ ಎರಡನೇ ಸಲ ಕಿವಿ ಕೊಯ್ಯಾಂಗಿಲ್ಲ್ರಿ. ಹಳೇ ಗುರುತು ಓದಾಕ ಬರೋ ಹಿರೇರನ್ನ ಕರಸ್ತೇವಿ. ನಿಮಗ ಬರ್ದಿದ್ರ ಬರೋರನ್ನ ಕರೀರಿ!”

ಸಾಹೇಬರು ತೊದಲಿದರು. “ಹಾಂ... ಕರೀತೈತಿ...”

“ಏಳೋ ಯಪ್ಪಾ! ದಿಲ್ಲಿಯವ್ರು ಹಟ್ಟಿತನಕ ಬಂದಾರ. ನೀ ಕಿವಿ ಮುಚ್ಕೊಂಡು ಮಲಗಿದ್ರ ಓದೋರು ಹ್ಯಾಂಗ ಓದ್ಯಾರು?”

ಸಾಬಣ್ಣ ಕಣ್ಣು ತೆರೆದ. ಅಂಗೈ ನಿಜವಾಗಿಯೂ ಕಿವಿಯ ಮೇಲಿತ್ತು. ಮಜ್ಜಿಗೆ ಚರಿಗೆ ಹಿಡಿದ ಅಂಬವ್ವ ಸೆರಗು ತಲೆಗೆಳೆದುಕೊಂಡು ಮೋಟುಗೋಡೆಯನ್ನೇ ಜಬರಿಸುತ್ತಿದ್ದಳು. ಆಚೆ ಲಿಂಗಣ್ಣನ ಟೊಪ್ಪಿಗೆ ಮಾತ್ರ ಕಾಣುತ್ತಿತ್ತು. ಏಳುವಂತಿಲ್ಲ, ಓಡುವಂತಿಲ್ಲ ಎಂದು ಅವನು ಕೂತಿರುವಾಗಲೇ ಒಂದು ಮೇಕೆ ಬಂದು ಟೊಪ್ಪಿಗೆಯನ್ನು ಕಚ್ಚಿ ಎಳೆದೇಬಿಟ್ಟಿತು.

“ಬಿಡಽ ಯವ್ವಾ, ನಾನಽ!” ಈಗ ಬಂದದ್ದು ಅಪ್ಪಟ ಶಹಾಪುರದ ದನಿ.

“ಅಯ್ಯ, ಲಿಂಗ್ಯಾ! ಸಾಹೇಬ ಅಂತ ನಾ ‘ರೀ’ ಹಚ್ಚಿ ಮಾತಾಡಿದ್ನೆಲ್ಲೋ ಖೋಡಿ!” ಸಾಹೇಬರಿಗೆಂದು ಹಿಡಿದಿದ್ದ ಮಜ್ಜಿಗೆಯನ್ನು ಅಂಬವ್ವ ಮಗನಿಗೆ ಕೊಟ್ಟಳು.

“ಸಿಟ್ಟಿಗೆದ್ದೇನೋ ದೋಸ್ತ?” ಎಂದ ಲಿಂಗಣ್ಣ.

ಸಾಬಣ್ಣ ಒಂದೇ ಕೈಯಲ್ಲಿ ಮಜ್ಜಿಗೆ ಕುಡಿದು ಚರಿಗೆ ಕೆಳಗಿಟ್ಟ. ನಿಧಾನವಾಗಿ ಕಿವಿಯಿಂದ ಕೈ ತೆಗೆದ. ಅರ್ಜಿಯ ಮೇಲೆ ಬಿದ್ದಿದ್ದ ಬೇವಿನ ಹೂ ಊದಿ, ಲಕೋಟೆಗೆ ಹಾಕಿ, ಎಂಜಲು ಹಚ್ಚಿ ಅಂಟಿಸಿದ.

“ಸೈಕಲ್ ತಿರುಗಸ್ರಿ ಸಾಹೇಬ್ರ. ನಾಲ್ಕಕ್ಕ ಚೀಲ ಕಟ್ತಾರ. ಓದೋರು ಓದ್ಲಿ. ತುಳಿಯಾವ್ರು ನೀವು.”

ಶಹಾಪುರದ ದಾರಿ ಬಿಸಿಲಲ್ಲಿ ಕನಸಿನ ಕೆರೆಯಂತೆಯೇ ಹೊಳೆಯುತ್ತಿತ್ತು. ಲಿಂಗಣ್ಣ ತೇಕುತ್ತ ತುಳಿದ. ಹಿಂದೆ ಕುಳಿತ ಸಾಬಣ್ಣ ಮೆಲ್ಲಗೆ ಕೈ ಚಾಚಿ ಅವನ ಕಿವಿ ಮಡಿಚಿ, ಅವನದೇ ದಿಲ್ಲಿ ದನಿಯಲ್ಲಿ ಕೇಳಿದ:

“ಇದ್ರಾಗ ಗುರುತಽ ಇಲ್ಲ! ಎರಡ ವರ್ಷ ಮೇಯ್ದು ಹಿಂಡು ಬಿಟ್ಟು ಬಂದ ಈ ಕುರಿ ಯಾರ್ದು?”

ಲಿಂಗಣ್ಣನಿಗೆ ನಗು ತಡೆಯಲಾಗದೆ ಸೈಕಲ್ ಹಾವಿನಂತೆ ಹರಿದಾಡಿತು. ಎದುರು ಬಂದ ಎತ್ತಿನ ಗಾಡಿಯವನೂ ಕಾರಣ ತಿಳಿಯದೆ ನಕ್ಕ. ಆದರೆ ಲಕೋಟೆಯನ್ನು ಎದೆಗೊತ್ತಿಕೊಂಡ ಸಾಬಣ್ಣನ ನಗುವಿನ ಮುಂದೆ ಅವರಿಬ್ಬರದೂ ಕೇಳಿಸುತ್ತಲೇ ಇರಲಿಲ್ಲ.