ನಿಂಬೆರಸ ಬಿದ್ದ ಹವಳ

ನಿಂಬೆರಸ ಬಿದ್ದ ಜಾಗದಲ್ಲಿ ಹವಳ ನೊರೆಯಾಡಿತು. ಅರ್ಧ ಹಣ್ಣು ಕೈಯಲ್ಲಿ ಹಿಡಿದುಕೊಂಡು ಆವುಲಪ್ಪ ಹಾಗೇ ನಿಂತುಬಿಟ್ಟ.

ಹೊಸೂರಿನ ಹೊರಗೆ, ರಾಯಕೋಟೆ ರಸ್ತೆಯ ಆ ಗ್ರಾನೈಟ್ ಶೆಡ್ಡಿನಲ್ಲಿ ಅವನು ಇಪ್ಪತ್ತು ವರ್ಷದಿಂದ ಕಲ್ಲು ಕೊಯ್ಯುತ್ತಿದ್ದಾನೆ. ಹೊಸ ಕಲ್ಲು ಬಂದರೆ ಅದರ ಮೇಲೆ ನಿಂಬೆಹಣ್ಣು ಕೊಯ್ದು ದೃಷ್ಟಿ ತೆಗೆದೇ ಮಿಷನ್ ಚಾಲೂ ಮಾಡುವುದು. ಯಾವ ಕಲ್ಲೂ ಹೀಗೆ ಬುಸುಗುಟ್ಟಿರಲಿಲ್ಲ. ಗಾಬರಿಯಲ್ಲಿ ನೀರು ಸುರಿದ.

"ಏನ್ಲಾ ಅದು?" ಎಂದ ಜೊತೆಗಾರ ಮುನಿರಾಜ್.

"ಏನೂ ಇಲ್ಲ ಕಣ್ಲಾ."

ಹವಳ ತಂದಿದ್ದವಳು ಅದೇ ಸೀಮೆಯ ಬೇರಿಕೆ ಊರಿನ ಶ್ಯಾಮಲಾ. ಚೆನ್ನೈನಲ್ಲಿ ಸಮುದ್ರದ ಬಗ್ಗೆ ಸಂಶೋಧನೆ ಮಾಡುವವಳು. ಅಲ್ಲಿನ ಮಿಷನ್ ಕೆಟ್ಟಿತ್ತು. ತೆಳ್ಳಗೆ ಬಿಲ್ಲೆ ಕೊಯ್ಯಲು ನಮ್ಮ ಕಡೆಯವರೇ ಸರಿ ಎಂದು ಬಂದಿದ್ದಳು. ಬಿಸಿಲು ಇಳಿಯದ ಸಮುದ್ರದ ತಳದಲ್ಲಿ ಇದು ಮರದ ಹಾಗೆ ಬೆಳೆಯುತ್ತದೆ, ವರ್ಷಕ್ಕೆ ಒಂದು ಕೂದಲಿನಷ್ಟು ಸುತ್ತು. ಹೊರಗಿನಿಂದ ಎಣಿಸುತ್ತಾ ಒಳಗೆ ಹೋದರೆ ಇನ್ನೂರು ವರ್ಷದ ಹಿಂದೆ ಆ ನೀರು ಎಷ್ಟು ಬೆಚ್ಚಗಿತ್ತು ಎಂದು ತಿಳಿಯುತ್ತದೆ ಎಂದಿದ್ದಳು.

ಆವುಲಪ್ಪನಿಗೆ ಖುಷಿಯೋ ಖುಷಿ. "ನಾನೊಂದ್ ಕಲ್ಲು ಕೊಯ್ದಾಗ ಒಳಗಿಂದ ಕಪ್ಪೆ ಎದ್ದು ತೆಲುಗಲ್ಲಿ ಮಾತಾಡುಸ್ತು ಕಣಮ್ಮಾ. ನೀನು ನನ್ನೇ ಮೀರಿಸ್ಬುಟ್ಟೆ."

"ಇದೊಂದೇ ತುಂಡು ಇರೋದು ಅಣ್ಣಾ. ಹುಷಾರು," ಎಂದು ನಕ್ಕು ಅವಳು ಟೀಗೆ ಹೋಗಿದ್ದಳು.

ಅವಳು ಬರುವಷ್ಟರಲ್ಲಿ ಬಿಲ್ಲೆ ನಯವಾಗಿ ಬಂದಿತ್ತು. ಹತ್ತಿಯಲ್ಲಿ ಸುತ್ತಿಕೊಂಡು ಬಸ್ಸಿಗೆ ಹೊರಟಳು. ಆವುಲಪ್ಪ ಮಿಷನ್ ಆರಿಸಿದ, ಹಾಕಿದ, ಮತ್ತೆ ಆರಿಸಿದ. ಹೊರಗಿನಿಂದ ತಾನೇ ಎಣಿಸುವುದು? ಹೊರಗಿನ ಸುತ್ತೇ ಕರಗಿದ್ದರೆ ಒಳಗಿನ ಒಂದೊಂದು ವರ್ಷವೂ ತಪ್ಪು. ಮುನಿರಾಜನಿಗೆ ಹೇಳಿದ.

"ಯಾರ್ಗೊತ್ತಾಯ್ತದೆ, ಬುಡ್ಲಾ."

ಆವುಲಪ್ಪ ಬರಿಗಾಲಲ್ಲೇ ಓಡಿದ.

ಸ್ಟಾಪಿನಲ್ಲಿ ಶ್ಯಾಮಲಾ ಎಲ್ಲವನ್ನೂ ಕೇಳಿಸಿಕೊಂಡು ನಕ್ಕುಬಿಟ್ಟಳು. "ಕಪ್ಪೆ ಆಯ್ತು, ಈಗ ನಿಂಬೆಹಣ್ಣಾ? ನೀರು ಹಾಕಿ ಕೊಯ್ಯೋವಾಗ ನೊರೆ ಬರಲ್ವಾ ಅಣ್ಣಾ?"

"ಕೊಯ್ಯೋಕ್ ಮುಂಚೆ ಕಣಮ್ಮಾ. ಇದು ಕಥೆ ಅಲ್ಲ."

ಪಕ್ಕದಲ್ಲಿ ನಿಂತಿದ್ದ ಇಬ್ಬರು ಹೆಂಗಸರೂ ನಕ್ಕರು. ಅವನ ದನಿಯೇ ಹಾಗೆ. ನಿಜ ಹೇಳಿದರೂ ಕೇಳುವವರ ಮುಖ ಅರಳುತ್ತಿತ್ತು. ಆವುಲಪ್ಪ ಕೈ ಚಾಚಿದ. "ಒಂದ್ ಗಳಿಗೆ ಕೊಡು."

ಬಿಲ್ಲೆಯ ಅಂಚಿನ ಮೇಲೆ ಕಣ್ಣು ಮುಚ್ಚಿ ಹೆಬ್ಬೆರಳು ಆಡಿಸಿದ. ಬೆರಳು ಅಂಚಿನ ಅರ್ಧ ಸುತ್ತು ಬಂದಿತು. ಒಂದು ಸಣ್ಣ ತಗ್ಗಿನಲ್ಲಿ ನಿಂತಿತು.

"ಇಲ್ಲಿ."

ಅವಳೂ ಬೆರಳಿಟ್ಟಳು. ಬೇರೆ ಕಡೆ ಮುಟ್ಟಿ, ಮತ್ತೆ ಅಲ್ಲೇ ಮುಟ್ಟಿದಳು. ನಗು ಹೋಯಿತು.

"ಎಷ್ಟ್ ಹೊತ್ತಿತ್ತು ರಸ?"

ಯಾವುದನ್ನೂ ಹತ್ತರಷ್ಟು ಮಾಡಿ ಹೇಳುವವನು ಈ ಸಲ ಅಳೆದು ಹೇಳಿದ. "ಬೀಡಿ ಹಚ್ಚೋಷ್ಟು ಹೊತ್ತು. ಅದ್ಕಿಂತ ಜಾಸ್ತಿ ಇಲ್ಲ."

"ಬೇರೆ ಕಡೆ ಬಿತ್ತಾ?"

"ಇಲ್ಲ."

ಹೊಸೂರು ಬಸ್ಸು ಬಂದು ನಿಂತಿತು. ಕಂಡಕ್ಟರ್ ತಮಿಳಿನಲ್ಲಿ ಅವಸರ ಮಾಡಿದ. ಶ್ಯಾಮಲಾ ತಲೆ ಎತ್ತಲಿಲ್ಲ. ಅವನು ತೋರಿಸಿದ ಕಡೆ ಪೆನ್ಸಿಲಿನಿಂದ ಗೀಟು ಹಾಕಿದಳು, ಬಿಲ್ಲೆಯನ್ನು ತಿರುಗಿಸಿದಳು, ಚೀಲದಿಂದ ಭೂತಗನ್ನಡಿ ತೆಗೆದು ರಸ ತಾಗದ ಎದುರು ಅಂಚಿನ ಮೇಲೆ ಬಗ್ಗಿದಳು. ತುಟಿ ಎಣಿಸತೊಡಗಿತು.

ಬಸ್ಸು ಹೊರಟಿತು. ಎದ್ದ ಧೂಳಿಗೆ ಆವುಲಪ್ಪ ಬೆನ್ನು ಕೊಟ್ಟು, ಅವಳ ಕೈಯ ಬಿಲ್ಲೆಗೆ ಮರೆಯಾಗಿ ನಿಂತ.